ಕಾರಣ ಕೇಳದ ಎಬಿನೇಜರ್ ಸರ್

ನಮ್ಮ ಫ್ರಿಜ್ಜಿನ ಮೇಲೆ ಔಷಧಿಯ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ಜ್ವರದ ಗುಳಿಗೆಯ ಒಂದು ಪಟ್ಟಿ, ಪಟ್ಟಿಯಲ್ಲಿ ಎರಡು ಗುಳಿಗೆ ಕಡಿಮೆ. ಒಂದು ಗುಳಿಗೆ ನನ್ನ ಮಗಳ ಹೊಟ್ಟೆಗೆ ಹೋಗಿತ್ತು. ಇನ್ನೊಂದು ಎಲ್ಲಿ ಹೋಯಿತು ಎಂಬುದೇ ಐದು ವಾರ ನನ್ನನ್ನು ತಿಂದ ಚಿಂತೆ. ಅನ್ನಕ್ಕೆ ಇಟ್ಟು ಅದನ್ನೇ ಯೋಚಿಸುತ್ತ ನಿಲ್ಲುತ್ತಿದ್ದೆ, ಕುಕ್ಕರ್ ಎಷ್ಟು ಸಲ ಕೂಗಿತೆಂದು ಗೊತ್ತಾಗುತ್ತಿರಲಿಲ್ಲ. ಮಗಳ ಶಾಲೆಯ ಚೀಲವನ್ನು ಮೂರು ಸಲ ಹಾಸಿಗೆಯ ಮೇಲೆ ಸುರುವಿ ಹುಡುಕಿದೆ. ಪುಸ್ತಕ ಎಲ್ಲ ಇದ್ದವು, ಕಂಪಾಸ್ ಡಬ್ಬಿ ಇರಲಿಲ್ಲ. ಗುಳಿಗೆ ಇದ್ದದ್ದು ಆ ಡಬ್ಬಿಯಲ್ಲಿ. ಗುಳಿಗೆಯ ಜೊತೆಗೆ ನನ್ನ ಕೈಬರಹದ ಒಂದು ಚೀಟಿಯೂ ಇತ್ತು.

ಆ ಚೀಟಿ ಯಾರ ಕೈಗೆ ಸಿಕ್ಕರೂ ನಾನು ಸುಳ್ಳು ಹೇಳಿದ್ದೇನೆಂದು ತಿಳಿಯುತ್ತಿತ್ತು. ಸಿಗದೇ ಹೋದರೆ ಒಬ್ಬ ಮನುಷ್ಯನ ಇಪ್ಪತ್ತೆಂಟು ವರ್ಷದ ನೌಕರಿ ನನ್ನ ಸುಳ್ಳಿನಿಂದ ಹೋಗುತ್ತಿತ್ತು. ಸಿಗಲಿ ಎಂದು ಬೇಡಿಕೊಂಡೆನೋ, ಸಿಗದಿರಲಿ ಎಂದು ಬೇಡಿಕೊಂಡೆನೋ, ಈಗಲೂ ಹೇಳಲಾರೆ.

ಆ ಮನುಷ್ಯನ ಹೆಸರು ಎಬಿನೇಜರ್. ಮಗಳು ಸುಮೇಧಾ ಎಂಟನೆಯ ತರಗತಿ ಓದುವ ಮಿಶನ್ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸುವವರು. ಮಕ್ಕಳು ಅವರನ್ನು ಟೈರ್ ಸರ್ ಎನ್ನುತ್ತಾರೆ.

ಖರೇ ಹೇಳಬೇಕೆಂದರೆ ಅವರು ಸರ್ ಅಲ್ಲ. ಶಾಲೆಯ ದಾಖಲೆಯಲ್ಲಿ ಲ್ಯಾಬ್ ಅಟೆಂಡರ್. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಪ್ರಯೋಗಶಾಲೆಯ ಬೀಗ ತೆಗೆಯುವುದು, ಗ್ಯಾಸಿನ ವಾಸನೆ ಬರುತ್ತದೆಯೋ ಎಂದು ಮೂಸಿ ನೋಡುವುದು, ಗಾಜಿನ ನಳಿಕೆಗಳನ್ನು ತೊಳೆದು ಬೋರಲು ಹಾಕುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದ ಹಿಂದೆ ಡ್ರಿಲ್ ಮಾಸ್ತರರು ನಿವೃತ್ತರಾದರು. ಆ ಜಾಗಕ್ಕೆ ಯಾರನ್ನೂ ತುಂಬಲಿಲ್ಲ. ಬ್ಯಾಂಡಿನ ಸಾಮಾನು ಇದ್ದದ್ದು ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ, ಹಾವು ಚೇಳು ಮುಳುಗಿಸಿಟ್ಟ ಜಾಡಿಗಳ ಪಕ್ಕದಲ್ಲಿ. ಅದರ ಬೀಗದ ಕೈ ಇವರ ಹತ್ತಿರವಿತ್ತು. ಆಗಸ್ಟ್ ಹದಿನೈದು ಹತ್ತಿರ ಬಂದಿತ್ತು. ನಿನಗೆ ಬಾರಿಸಲು ಬರುತ್ತದಲ್ಲ, ಈ ವರ್ಷದ ಮಟ್ಟಿಗೆ ನೋಡಿಕೋ ಎಂದರಂತೆ ಅಂದಿನ ಹೆಡ್‌ಮಾಸ್ತರರು. ಆ ವರ್ಷ ಮುಗಿಯಲೇ ಇಲ್ಲ.

ಅವರಿಗೆ ಬಾರಿಸಲು ಬರುತ್ತಿದ್ದದ್ದು ಮದುವೆ ಬ್ಯಾಂಡಿನಿಂದ. ಹದಿನಾರರಿಂದ ಮೂವತ್ತರವರೆಗೆ ಹಳೇಹುಬ್ಬಳ್ಳಿಯ ಒಂದು ಬ್ಯಾಂಡ್ ಕಂಪನಿಯಲ್ಲಿ ಇದ್ದವರು. ಹೆಗಲ ಮೇಲೆ ಜರಿಯ ಪಟ್ಟಿ, ಕೊರಳಲ್ಲಿ ಡ್ರಮ್ಮು, ಮದುವೆಯ ಹಂಗಾಮಿನಲ್ಲಿ ದಿನಕ್ಕೆ ಎರಡು ಮೆರವಣಿಗೆ. ಆ ಕಂಪನಿಯಲ್ಲಿ ಅವರ ಜೋಡಿಗಿದ್ದ ಖಾದರಬಾಷಾ ಎಂಬವರು ಈಗಲೂ ಶಾಲೆಯ ಡ್ರಮ್ಮುಗಳ ಹೊದಿಕೆ ಬದಲಿಸಿಕೊಡುತ್ತಾರೆ. ಬರುತ್ತಾರೆ, ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಕೂತು ಕೆಲಸ ಮಾಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಹೊದಿಕೆ ಬಿಚ್ಚಿದಾಗ ಶಾಲೆ ಬಿಟ್ಟು ಹೋಗಲಿರುವ ಹತ್ತನೆಯ ತರಗತಿಯವರು ಡ್ರಮ್ಮಿನ ಒಳಗೋಡೆಯ ಮೇಲೆ ಪೆನ್ಸಿಲ್ಲಿನಿಂದ ತಮ್ಮ ಹೆಸರು ಬರೆಯುತ್ತಾರೆ. ಮೇಲೆ ಹೊಸ ಹೊದಿಕೆ ಬೀಳುತ್ತದೆ. ಮತ್ತೆ ಆ ಹೆಸರು ಯಾರಿಗೂ ಕಾಣುವುದಿಲ್ಲ. ಮುಂದಿನ ವರ್ಷದ ಮಕ್ಕಳು ಅದರ ಮೇಲೆ ಬಾರಿಸುತ್ತಾರೆ.

ಟೈರ್ ಸರ್ ಎಂಬ ಹೆಸರು ಬಂದದ್ದು ಹೀಗೆ. ಹೊಸದಾಗಿ ಬಂದ ಮಕ್ಕಳಿಗೆ ಅವರು ಡ್ರಮ್ ಕೊಡುವುದಿಲ್ಲ. ಲ್ಯಾಬಿನ ಹಿಂದೆ ಸ್ಕೂಟರಿನ ಹಳೆಯ ಟೈರುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಮೂರು ತಿಂಗಳು ಅದರ ಮೇಲೇ ಬಡಿಯಬೇಕು. ಟೈರು ಕಡ್ಡಿಯನ್ನು ತಾನೇ ಮೇಲಕ್ಕೆ ಎಸೆಯುತ್ತದೆ, ಮಣಿಕಟ್ಟು ಪಳಗುತ್ತದೆ, ಸಪ್ಪಳವೂ ಆಗುವುದಿಲ್ಲ, ತರಗತಿಯವರಿಗೆ ತೊಂದರೆಯಿಲ್ಲ. ಶನಿವಾರ ಹನ್ನೊಂದೂವರೆಗೆ ಗಂಟೆ ಹೊಡೆದ ಮೇಲೆ ಶಾಲೆಯಲ್ಲಿ ಕ್ಲಬ್ಬುಗಳ ಹೊತ್ತು. ವಿಜ್ಞಾನದವರು ಒಂದು ಕಡೆ, ಗೋಡೆಪತ್ರಿಕೆಯವರು ವರಾಂಡದಲ್ಲಿ ಬಣ್ಣದ ಕಾಗದ ಹರಡಿಕೊಂಡು, ಖೋಖೋದವರು ಮಣ್ಣಿನಲ್ಲಿ, ಕೈತೋಟದವರು ಬಾವಿಯ ಹತ್ತಿರ. ಇವರೆಲ್ಲರ ನಡುವೆ ಲ್ಯಾಬಿನ ಹಿಂದಿನಿಂದ ಧಪ್ ಧಪ್ ಎಂದು ಟೈರಿನ ಸದ್ದು.

ಅವರದು ಇನ್ನೊಂದು ಪದ್ಧತಿ ಇತ್ತು. ಅದನ್ನು ಮೊದಲ ದಿನವೇ ಪಾಲಕರನ್ನೂ ಕೂರಿಸಿಕೊಂಡು ಹೇಳಿದರು. ನಡೆಯುವಾಗ ಯಾವ ಮಗುವಿಗಾದರೂ ಆಗಲಿಲ್ಲವೆಂದರೆ ಎರಡು ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಅಡ್ಡಡ್ಡ ಇಡಬೇಕು. ಅಷ್ಟೇ. ಮಾತಾಡಬೇಕಿಲ್ಲ. ಅವರು ಬಂದು ಡ್ರಮ್ಮನ್ನು ಬಿಡಿಸಿ ತಮ್ಮ ಕೊರಳಿಗೆ ಹಾಕಿಕೊಂಡು ಆ ಜಾಗದಲ್ಲಿ ತಾವೇ ನಡೆಯುತ್ತಾರೆ. ಯಾಕೆಂದು ಕೇಳುವುದಿಲ್ಲ, ಆಮೇಲೂ ಕೇಳುವುದಿಲ್ಲ. ಮರುದಿನ ಡ್ರಮ್ಮು ಮತ್ತೆ ಆ ಮಗುವಿನದೇ.

"ಕಾರಣಾ ಕೇಳಿದ್ರ ಹುಡುಗ್ರು ಸುಳ್ಳ ಹೇಳತಾವು, ಇಲ್ಲಾ ಸುಮ್ಮನ ನಡೀತಾವು," ಎಂದರು ಅಂದು. "ಅದಕ್ಕ ಕೇಳೂದ ಬ್ಯಾಡ ಅಂತ ಬಿಟ್ಟೇನ್ರಿ."

ಪಾಲಕರು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೆ ನಂಬಲಿಲ್ಲ. ಇಂಥ ಕಾಲದಲ್ಲಿ ಬಿಟ್ಟುಕೊಟ್ಟ ಜಾಗ ತಿರುಗಿ ಯಾರಿಗೆ ಸಿಗುತ್ತದೆ? ನಾನು ಓದಿದ್ದು ಇದೇ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಏಳನೆಯ ತರಗತಿಯಲ್ಲಿ ಒಂದು ವಾರ ಕಾಮಾಲೆಯಿಂದ ಮಲಗಿದೆ, ವಾರ್ಷಿಕೋತ್ಸವದ ನೃತ್ಯದಲ್ಲಿ ನನ್ನ ಜಾಗ ಇನ್ನೊಬ್ಬಳಿಗೆ ಹೋಯಿತು. ಆಮೇಲೆ ಶಾಲೆ ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟಿದವಳು ನಾನು. ಪಿಯುಸಿ ಮುಗಿದ ವರ್ಷವೇ ಮದುವೆ, ಮರುವರ್ಷ ಸುಮೇಧಾ. ಅವಳು ಮೆಟ್ಟಿಲ ಮೇಲೆ ಕೂರಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಮನೆಯಲ್ಲಿ ಜಗಳವೂ ಆಗಿತ್ತು. ಅತ್ತೆ ಕಾಳವ್ವ ಹಳೆಯ ಕಾಲದವರು, ಹಣೆಯ ಮೇಲೆ ವಿಭೂತಿ ಇಲ್ಲದೆ ನೀರೂ ಕುಡಿಯುವವರಲ್ಲ. ಮೊಮ್ಮಗಳು ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಬಾರಿಸುತ್ತ ಕೂತರೆ ಅವರಿಗೆ ಮೈ ಉರಿಯುತ್ತಿತ್ತು. ಗುಡಿಯ ಮುಂದೆ ಬಾರಿಸಲು ಬೇರೆ ಮಂದಿ ಇದ್ದಾರೆ, ಹೆಣ್ಣು ಹುಡುಗಿ ಕೊರಳಿಗೆ ಡ್ರಮ್ಮು ಕಟ್ಟಿಕೊಂಡು ಓಣಿ ತಿರುಗಿದರೆ ನಾಳೆ ಬೀಗರ ಮುಂದೆ ಏನು ಹೇಳುವುದು ಎಂದು ಕೇಳಿದರು. ಮನೆಯವರು, ಎಂದರೆ ನನ್ನ ಗಂಡ ರಾಜಶೇಖರ, ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬೆಂಗೇರಿಯ ಮನೆ ಬಿಟ್ಟರೆ ಸಂಜೆಗೇ ಬರುವುದು, ಅವರಿಗೆ ಇಂಥದ್ದು ಯಾವುದೂ ಬೇಕಿರಲಿಲ್ಲ. ಪಟ್ಟು ಹಿಡಿದು ಗೆದ್ದವಳು ನಾನು. ಗೆದ್ದ ಮೇಲೆ ಸೋಲಬಾರದಲ್ಲ.

ಜನವರಿ ಹದಿನೆಂಟು, ಶನಿವಾರ. ಗಣರಾಜ್ಯೋತ್ಸವದ ಪರೇಡಿಗೆ ಇಪ್ಪತ್ತನಾಲ್ಕು ಮಕ್ಕಳು ಯಾರೆಂದು ಅಂದು ಗೊತ್ತಾಗುವುದಿತ್ತು. ಬೆಳಿಗ್ಗೆ ಎಬ್ಬಿಸಲು ಹೋದರೆ ಸುಮೇಧಾಳ ಮೈ ಸುಡುತ್ತಿತ್ತು. ಕಣ್ಣು ಕೆಂಪಾಗಿದ್ದವು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಅವಳ ಹಣೆ ಮುಟ್ಟಿದರು.

"ಕೂಸಿನ ಮೈ ಕೆಂಡ ಆಗೈತಿ. ಇವತ್ತೊಂದಿನ ಬ್ಯಾಡ ಬಿಡ ಯವ್ವಾ," ಎಂದರು.

ಬ್ಯಾಂಡ್ ಬಿಡಿಸಲು ಇದೂ ಒಂದು ನೆಪ ಎಂದುಕೊಂಡೆ. ಎಂಟು ತಿಂಗಳು ಅವರ ಬಾಯಿಂದ ಅದೇ ಮಾತು ಕೇಳಿದ್ದೆನಲ್ಲ. ಏನಿಲ್ಲ, ಸ್ವಲ್ಪ ಬೆಚ್ಚಗಿದೆ ಅಷ್ಟೇ ಎಂದು ಹೇಳಿ ಒಂದು ಗುಳಿಗೆ ನುಂಗಿಸಿದೆ. ಇನ್ನೊಂದನ್ನು ಚೀಟಿಯಲ್ಲಿ ಸುತ್ತಿ ಕಂಪಾಸ್ ಡಬ್ಬಿಯಲ್ಲಿ ಇಟ್ಟೆ. ಅವಳಿಗೆ ಬಾಯಿಂದ ಹೇಳಿದರೆ ಮರೆಯುತ್ತಾಳೆಂದು ಚೀಟಿಯ ಮೇಲೆ ಬರೆದೂ ಬರೆದೆ: ತಾಲೀಮಿಗೆ ಮೊದಲು ತೊಗೊ. ಏನಾದರೂ ಆಗಲಿ ಕಡ್ಡಿ ಅಡ್ಡ ಇಡಬೇಡ. ಇಟ್ಟರೆ ನಿನ್ನ ಡ್ರಮ್ ಜೆಸ್ಲಿನ್‌ಗೆ ಹೋಗುತ್ತದೆ.

ಜೆಸ್ಲಿನ್ ಅವಳದೇ ತರಗತಿಯ ಹುಡುಗಿ, ಅವಳ ಗೆಳತಿ. ಗೆಳತಿಯ ಹೆಸರನ್ನು ನಾನು ಹಾಗೆ ಬರೆದೆ.

ಅವಳು ಬಿದ್ದದ್ದು ಹನ್ನೆರಡೂ ಕಾಲಿಗೆ, ಧ್ವಜಕಟ್ಟೆಯ ತಿರುವಿನಲ್ಲಿ. ಆಮೇಲೆ ಜೆಸ್ಲಿನ್ ಹೇಳಿದ್ದು ಇಷ್ಟು. ಸರ್ ಎಂದಿನಂತೆ ಸಾಲಿನ ಮುಂದೆ ಮಕ್ಕಳ ಕಡೆ ಮುಖ ಮಾಡಿ ಹಿಂಬರಕಿಯಾಗಿ ನಡೆಯುತ್ತಿದ್ದರು. ಸುಮೇಧಾಳ ಮುಖ ನೋಡಿ ಎರಡು ಬೆರಳು ಅಡ್ಡ ಹಿಡಿದು ತೋರಿಸಿದರು, ಕಡ್ಡಿ ಇಡುತ್ತೀಯಾ ಎಂಬಂತೆ. ಅವಳು ತಲೆ ಅಲ್ಲಾಡಿಸಿ ಒಲ್ಲೆ ಎಂದಳು. ಇನ್ನೊಂದು ಸುತ್ತು ಬಂದಾಗ ಕಾಲು ಮಡಚಿ ಬಿದ್ದಳು. ತಲೆಯ ಎಡಗಡೆ ಕಟ್ಟೆಯ ಕಲ್ಲಿಗೆ ತಾಗಿತು. ಸರ್ ಅವಳನ್ನು ಎತ್ತಿಕೊಂಡು ಗೇಟಿನವರೆಗೆ ಓಡಿದರು, ಅವರ ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು, ಶಹಬಾಜ ಎಂಬವನ ಆಟೋ ನಿಲ್ಲಿಸಿ, ಜೆಸ್ಲಿನ್ ತಂದುಕೊಟ್ಟ ಅವಳ ಚೀಲವನ್ನೂ ಇಟ್ಟುಕೊಂಡು ಆಸ್ಪತ್ರೆಗೆ ಹೋದರು.

ಕಿವಿಯ ಹಿಂದಿನ ಎಲುಬು ಬಿರುಕು ಬಿಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು. ಎಡಗಿವಿ ಎಷ್ಟರ ಮಟ್ಟಿಗೆ ಕೇಳುವುದೋ ತಿಳಿಯಲು ಕೆಲವು ತಿಂಗಳು ಹೋಗಬೇಕು ಎಂದರು. ಡಾಕ್ಟರು ಜ್ವರ ಯಾವಾಗಿನಿಂದ ಎಂದು ಕೇಳಿದಾಗ ನನ್ನ ಸುತ್ತ ಗಂಡ, ಮೈದುನ, ನಾಲ್ಕು ಜನ ಪಾಲಕರು, ಹೆಡ್‌ಮಿಸ್ಟ್ರೆಸ್ ಜಯಮಾಲಾ ಮೇಡಂ ಎಲ್ಲರೂ ಇದ್ದರು. ಬೆಳಿಗ್ಗೆ ಛಲೋ ಇದ್ದಳು, ಬಿಸಿಲಿಗೆ ಬಂದಿರಬೇಕು ಎಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದಾಗ ಎಬಿನೇಜರ್ ಸರ್ ಗೋಡೆಗೆ ಒರಗಿ ನಿಂತಿದ್ದರು. ಅಂಗಿಯ ಹೆಗಲ ಮೇಲೆ ರಕ್ತದ ಕಲೆ. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲ ನೋಡಿದರು. ತಪ್ಪಿತಸ್ಥರು ಹಾಗೆ ನೋಡುತ್ತಾರೆ ಎಂದು ನನ್ನ ಗಂಡ ಆಟೋದಲ್ಲಿ ಹೇಳಿದಾಗ ನಾನು ಹೂಂ ಎಂದೆ.

ಗಂಡ ದೂರು ಬರೆದದ್ದು ಅಮರಗೋಳದ ತಮ್ಮ ಅಂಗಡಿಯಲ್ಲಿ. ಟೈಪ್ ಮಾಡಿಸಿ ತಂದರು. ಅದರಲ್ಲಿ ನಾಲ್ಕನೆಯ ಸಾಲು, ಮನೆಯಿಂದ ಹೊರಡುವಾಗ ಮಗುವಿನ ಆರೋಗ್ಯ ಸಂಪೂರ್ಣ ಸರಿಯಿತ್ತು. ಆರನೆಯ ಸಾಲು, ಮಗುವಿಗೆ ಆಗುತ್ತಿಲ್ಲವೆಂದು ಕಂಡರೂ ಸದರಿ ನೌಕರರು ತಾಲೀಮು ಮುಂದುವರಿಸಿದರು. ತಾಯಿ ಸಹಿ ಮಾಡಿದರೆ ತೂಕ ಬರುತ್ತದೆ ಎಂದರು. ಮಾಡಿದೆ. ಪಾಲಕರ ಗ್ರೂಪಿನಲ್ಲಿ ನಲವತ್ತೊಂದು ಜನ ಸೇರಿಕೊಂಡರು. ಲ್ಯಾಬ್ ತೊಳೆಯುವವನಿಗೆ ಮಕ್ಕಳನ್ನು ಒಪ್ಪಿಸಿದ್ದು ಯಾರು ಎಂದು ಒಬ್ಬರು ಬರೆದರೆ, ಮೊದಲೇ ಮದುವೆ ಬ್ಯಾಂಡಿನವ ಎಂದು ಇನ್ನೊಬ್ಬರು. ಇಪ್ಪತ್ತೆರಡು ವರ್ಷ ಪ್ರತಿ ಆಗಸ್ಟಿನಲ್ಲಿ ಅವರ ಜೊತೆ ಫೋಟೋ ತೆಗೆಸಿಕೊಂಡ ಮಂದಿ.

ಈ ಸಲ ಪರೇಡಿಗೆ ಆ ಶಾಲೆಯ ಬ್ಯಾಂಡು ಹೋಗಲಿಲ್ಲ. ಹಿಂದೆಯೇ ಎಲ್ಲ ಕ್ಲಬ್ಬುಗಳನ್ನೂ ನಿಲ್ಲಿಸಿದರು. ಶನಿವಾರದ ಆ ಹೊತ್ತನ್ನು ಹತ್ತನೆಯವರ ವಿಶೇಷ ತರಗತಿಗೆ, ಉಳಿದವರ ಗಣಿತಕ್ಕೆ ಹಂಚಿದರು. ಆಡಳಿತ ಮಂಡಳಿಯವರಿಗೆ ಬಹಳ ದಿನದಿಂದ ಬೇಕಾಗಿದ್ದದ್ದೇ ಅದು ಎಂದು ಆಮೇಲೆ ಕೇಳಿದೆ. ಖೋಖೋದ ಕಂಬ ಕಿತ್ತರು. ಗೋಡೆಪತ್ರಿಕೆಯ ಹಲಗೆಯ ಮೇಲೆ ಟೆಸ್ಟಿನ ಅಂಕಗಳು ಬಂದವು. ಎಬಿನೇಜರ್ ಸರ್‌ಗೆ ಮೈದಾನಕ್ಕೆ ಕಾಲಿಡಬಾರದೆಂದು ಬಾಯಿಮಾತಿನ ಅಪ್ಪಣೆಯಾಯಿತು. ಅವರ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಕೆಲಸದಿಂದ ತೆಗೆಯಬೇಕೋ ಬಿಡಬೇಕೋ ಎಂಬುದು ಫೆಬ್ರುವರಿ ಇಪ್ಪತ್ತೆರಡರ ಶನಿವಾರದ ಸಭೆಯಲ್ಲಿ ತೀರ್ಮಾನವಾಗುವುದಿತ್ತು.

ಸುಮೇಧಾ ಶಾಲೆಗೆ ಹೋಗತೊಡಗಿದ ಮೇಲೆ ಅವಳೊಂದಿಗೆ ಯಾರೂ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಅವಳಿಂದ ಆಟ ಹೋಯಿತಲ್ಲ. ಊಟದ ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಮನೆಯಲ್ಲಿ ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಬಲಗಡೆಯಿಂದ ಕರೆದರೂ ಒಮ್ಮೊಮ್ಮೆ ತಿರುಗುತ್ತಿರಲಿಲ್ಲ, ಅದು ಕಿವಿಯಿಂದಲ್ಲ ಎಂದು ನನಗೆ ಗೊತ್ತಿತ್ತು.

ಅಂದಿನ ಜ್ವರದ ಬಗ್ಗೆ ಅತ್ತೆಯವರು ಮಗನಿಗೆ ಒಂದು ಮಾತೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಮತ್ತೆ ಔಷಧಿಯ ಡಬ್ಬಿ ತೆಗೆದು ನೋಡುತ್ತಿದ್ದೆ.

"ಎಷ್ಟ ಸಲ ನೋಡತಿ ಅದನ್ನ," ಎಂದರು. "ನಾ ಸುಮ್ಮನದೇನಿ ಅಂದ್ರ ನಿನ್ನ ಸಲುವಾಗಿ ಅಲ್ಲ. ನನ್ನ ಮಗ ನಾಕ ಮಂದ್ಯಾಗ ಸುಳ್ಳ ಆಗಬಾರದಂತ."

ನಾನು ಡಬ್ಬಿ ಮುಚ್ಚಿದೆ. ಅವರು ಮೊರವನ್ನು ಬೆಳಕಿನ ಕಡೆ ತಿರುಗಿಸಿಕೊಂಡರು.

ಸಭೆಗೆ ಎರಡು ದಿನ ಉಳಿದಿತ್ತು. ಎಬಿನೇಜರ್ ಸರ್ ಆ ವಾರ ರಜೆ ಹಾಕಿ ಮನೆಯಲ್ಲಿದ್ದರು; ಗುರುವಾರ ಮಧ್ಯಾಹ್ನ ಸ್ಕೂಟಿ ತೆಗೆದುಕೊಂಡು ಗಬ್ಬೂರಿನ ಅವರ ಮನೆಗೆ ಹೋದೆ. ಸುಮೇಧಾಳ ಹತ್ತಿರ ಬ್ಯಾಂಡಿನ ಎರಡು ಕಡ್ಡಿ ಉಳಿದಿದ್ದವು, ಕೊಟ್ಟು ಬರುವ ನೆಪ. ಹೇಳಿಬಿಡಬೇಕು ಎಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಬೈಪಾಸಿನ ಹತ್ತಿರ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು, ಅವುಗಳ ನಡುವೆ ನುಸುಳುವಾಗ ಇಲ್ಲೇ ತಿರುಗಿಬಿಡಲೇ ಎಂದು ಎರಡು ಸಲ ಅನ್ನಿಸಿತು.

ಎರಡು ಕೋಣೆಯ ತಗಡಿನ ಮನೆ. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಚರ್ಚಿನ ಕ್ಯಾಲೆಂಡರು. ಬಾಗಿಲು ತೆಗೆದವರು ಅವರ ಹೆಂಡತಿ ಫ್ಲೋರೆನ್ಸ್. ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಾರೆ, ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಬರ್ರಿ ಅಕ್ಕಾರ. ಬಿಸಿಲಾಗ ಬಂದೀರಿ, ಕುಂದರ್ರಿ," ಎಂದು ನೀರು ತಂದುಕೊಟ್ಟರು.

ಎಬಿನೇಜರ್ ಸರ್ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಬಿಳಿಯ ಹಾಳೆ, ಅದರಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದು ಕಾಣುತ್ತಿತ್ತು. ಐದು ವಾರದಲ್ಲಿ ಅವರ ಕೊರಳು ತೆಳ್ಳಗಾಗಿತ್ತು. ಕಡ್ಡಿಗಳನ್ನು ಕೊಟ್ಟೆ. ತಿರುಗಿಸಿ ನೋಡಿ, ತುದಿ ಸವೆದಿಲ್ಲ ಎಂದು ಮಗ್ಗುಲಲ್ಲಿ ಇಟ್ಟುಕೊಂಡರು. ಸುಮೇಧಾಳ ಬಗ್ಗೆ ಕೇಳಿದರು. ಊಟ ಮಾಡುತ್ತಾಳೋ, ತಲೆ ತಿರುಗುತ್ತದೋ, ಎಡಗಡೆ ಕೂತವರ ಮಾತು ಕೇಳುತ್ತದೋ. ಒಂದೊಂದಕ್ಕೂ ಉತ್ತರ ಕೊಟ್ಟೆ. ಬಾಯಿಪಾಠ ಮಾಡಿಕೊಂಡು ಹೋದದ್ದೊಂದು ಮಾತ್ರ ಬಾಯಿಗೆ ಬರಲಿಲ್ಲ.

ಅವರು ಚಹಾಕ್ಕೆ ಹಾಲು ತರಲು ಹೊರಗೆ ಹೋದಾಗ ಫ್ಲೋರೆನ್ಸ್ ಗಂಡನ ಅಣ್ಣನ ವಿಷಯ ಹೇಳಿದರು. ಇಮ್ಯಾನುಯೆಲ್ ಎಂದು ಹೆಸರು. ಅದೇ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದರಂತೆ. ಮೇ ತಿಂಗಳ ಒಂದು ಮೆರವಣಿಗೆಯಲ್ಲಿ ಅವರಿಗೆ ಜ್ವರ. ಮಾಲೀಕರು ನಡುವೆ ಬಂದು ಏನಾಗಿದೆ ಎಂದು ಎಲ್ಲರ ಎದುರು ಕೇಳಿದರು. ಏನಿಲ್ಲ ಎಂದರು. ಮದುವೆಯ ಮನೆ ಮುಟ್ಟುವವರೆಗೂ ಊದಿದರು. ಮೂರನೆಯ ದಿನ ಹೋದರು. ಆಗ ಎಬಿನೇಜರ್ ಅವರಿಗೆ ಹತ್ತೊಂಬತ್ತು ವರ್ಷ, ಅಣ್ಣನ ಪಕ್ಕದ ಸಾಲಿನಲ್ಲೇ ಡ್ರಮ್ಮು ಬಾರಿಸುತ್ತ ಇದ್ದರು.

"ಕೇಳಬಾರದಿತ್ತು, ತೋಳ ಹಿಡದು ಕುಂದ್ರಸಬೇಕಿತ್ತು ಅಂತ ಈಗೂ ಅಂತಿರತಾರ್ರಿ," ಎಂದರು ಫ್ಲೋರೆನ್ಸ್. "ಈಗ ನೋಡ್ರಿ, ತಪ್ಪು ನಂದು ಅಂತ ಬರದ ಕೊಡತೇನಿ ಅಂತಾರ. ನಾಳಿ ಮುಂಜಾನಿ ಕೊಡಾವ್ರು. ನಾ ಎಷ್ಟ ಹೇಳಿದ್ರೂ ಕೇಳವಲ್ಲರು. ನಿಮಗ ಏನರ ಗೊತ್ತಿದ್ರ ಹೇಳ್ರಿ ಅಕ್ಕಾರ, ಅವತ್ತ ಆಕಿಗೆ ಮೊದಲಿಂದ ಆರಾಮ ಇರಲಿಲ್ಲೇನು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ದಿನವೂ ಜ್ವರದ ಮಕ್ಕಳನ್ನು ನೋಡುವವರು. ನನಗೆ ನೆನಪಿಲ್ಲ ಎಂದೆ. ಇದು ಮೂರನೆಯ ಸುಳ್ಳು.

ಸರ್ ಹಾಲು ತಂದರು, ಚಹಾ ಆಯಿತು, ಕುಡಿದೆ. ಹೊರಡಲು ಎದ್ದಾಗ ಅವರು ಬಾಗಿಲವರೆಗೆ ಬಂದರು.

"ನಾ ಆಕಿಗೆ ಬೆರಳ ಅಡ್ಡ ಹಿಡದು ತೋರಿಸಿದ್ದೆರಿ," ಎಂದರು ಮೆಲ್ಲಗೆ. "ಒಲ್ಲೆ ಅಂದ್ಲು. ಅಲ್ಲೇ ಕಡ್ಡಿ ಕಸಗೋಬೇಕಿತ್ತು. ಕೇಳಬಾರದು ಕೇಳಬಾರದು ಅಂತ ಇಷ್ಟ ವರ್ಷ ಹಿಡಕೊಂಡ ಬಂದೆ. ಅವತ್ತೊಂದಿನ ಯಾಕವಾ ಅಂತ ಕೇಳಿದ್ರ ಹುಡುಗಿ ಹೇಳತಿತ್ತೋ ಏನೋ."

ಆಮೇಲೆ ಕಪಾಟಿನ ಮೇಲಿನಿಂದ ಒಂದು ಸಣ್ಣ ಗಂಟು ತಂದರು. ಕರವಸ್ತ್ರದಲ್ಲಿ ಕಟ್ಟಿದ್ದು. ಫ್ಲೋರೆನ್ಸ್ ಒಳಗೆ ಕಪ್ಪು ತೊಳೆಯುತ್ತಿದ್ದರು.

"ಇದು ಆಕೀದ್ರಿ. ಬ್ಯಾಗಿನಾಗ ಹಾಕೂದು ಉಳದಿತ್ತು," ಎಂದರು.

ಬೈಪಾಸಿನ ಪಕ್ಕದ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿಯ ನೆರಳಿಗೆ ಸ್ಕೂಟಿ ನಿಲ್ಲಿಸಿ ಗಂಟು ಬಿಚ್ಚಿದೆ. ಕಂಪಾಸ್ ಡಬ್ಬಿ. ಒಳಗೆ ಕೈವಾರ, ತುಂಡು ಪೆನ್ಸಿಲ್ಲು, ರಬ್ಬರು, ಮತ್ತು ನನ್ನ ಚೀಟಿ. ಚೀಟಿಯೊಳಗೆ ಗುಳಿಗೆ, ಪಟ್ಟಿಯಿಂದ ಕತ್ತರಿಸಿದ ತುಂಡಿನಲ್ಲಿ ಹಾಗೇ ಇತ್ತು. ನಾನು ಚೀಟಿಯನ್ನು ಗುಳಿಗೆಯ ಸುತ್ತ ಸುಮ್ಮನೆ ಮುದುಡಿದ್ದೆ. ಈಗ ಅದು ನೀಟಾಗಿ, ಅಂಚಿಗೆ ಅಂಚು ಕೂಡಿಸಿ ಮಡಚಿತ್ತು. ಯಾರೋ ಬಿಡಿಸಿ, ಓದಿ, ಮತ್ತೆ ಮಡಚಿದ್ದರು. ಅಂಗಡಿಯವನು ಗಾಳಿ ಹಾಕಬೇಕೇನ್ರಿ ಎಂದು ಕೇಳಿದ. ಹೂಂ ಎಂದೆ, ಅವನು ಎರಡೂ ಗಾಲಿಗೆ ಗಾಳಿ ಹಾಕಿದ.

ಸಂಜೆ ಸುಮೇಧಾ ಬಂದಾಗ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ನೋಡಿದಳು.

"ಸರ್ ಕೊಟ್ರೇನು?" ಎಂದಳು. "ಆಟೋದಾಗ ನಿಮ್ಮ ನಂಬರ್ ಹುಡುಕಾಕ ಬ್ಯಾಗ್ ತೆಗದಿದ್ರು, ಮಮ್ಮಿ. ಅವಾಗ ಓದಿದ್ರು. ಏನೂ ಅನಲಿಲ್ಲ. ಡಬ್ಬಿ ಮುಚ್ಚಿ ಕಿಸೆದಾಗ ಇಟಗೊಂಡ್ರು."

ಐದು ವಾರ ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಕೇಳಲಿಲ್ಲಲ್ಲ," ಎಂದಳು. ಆಮೇಲೆ, "ಸರ್ ಹೇಳತಾರ ಅಂತ ದಿನಾ ಕಾಯ್ತಿದ್ದೆ. ಅವರು ಹೇಳಲಿಲ್ಲ," ಎಂದಳು.

ಸರ್ ಆಸ್ಪತ್ರೆಯಲ್ಲಿ ಗೋಡೆಗೆ ಒರಗಿ ನಿಂತಾಗ ಅವರ ಪ್ಯಾಂಟಿನ ಕಿಸೆಯಲ್ಲಿ ನನ್ನ ಚೀಟಿ ಇತ್ತು. ಬೆಳಿಗ್ಗೆ ಛಲೋ ಇದ್ದಳು ಎಂದು ನಾನು ಹೇಳುವಾಗ ಇತ್ತು. ಪಾಲಕರು ಗೇಟಿನ ಮುಂದೆ ನಿಂತು ಅವರನ್ನು ಏಕವಚನದಲ್ಲಿ ಕೂಗಿದಾಗ, ಹೆಡ್‌ಮಿಸ್ಟ್ರೆಸ್ ಮೂರು ಸಲ ಕರೆದು ವಿಚಾರಿಸಿದಾಗ, ಅವರ ಮನೆಯ ಕಪಾಟಿನ ಮೇಲೆ ಇತ್ತು. ಹೆಂಡತಿಗೂ ತೋರಿಸಿರಲಿಲ್ಲ. ಕಡ್ಡಿ ಅಡ್ಡ ಇಟ್ಟ ಮಗುವಿಗೆ ಏನು ಮಾಡುತ್ತಿದ್ದರೋ ನನಗೂ ಅದನ್ನೇ ಮಾಡಿದ್ದರು. ನಾನು ಇಟ್ಟಿರಲಿಲ್ಲ, ಆದರೂ.

ಆ ರಾತ್ರಿ ಗಂಡನಿಗೆ ಹೇಳಬೇಕೆಂಬ ಧೈರ್ಯ ಊಟದ ಹೊತ್ತಿಗೆ ಹೋಯಿತು. ಸಭೆಯಲ್ಲಿ ತಾನು ಏನು ಮಾತಾಡುವುದು ಎಂದು ಅವರು ರೊಟ್ಟಿ ಮುರಿಯುತ್ತ ಅತ್ತೆಗೆ ಹೇಳುತ್ತಿದ್ದರು. ಅತ್ತೆ ಕೇಳುತ್ತ ಕೂತಿದ್ದರು. ಒಮ್ಮೆ ನನ್ನ ಕಡೆ ನೋಡಿ, ಇನ್ನೊಂದು ರೊಟ್ಟಿ ಹಾಕು ಎಂದರು.

ಶುಕ್ರವಾರ ಮುಂಜಾನೆಯೇ ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಬೇಕಿತ್ತು. ಸರ್ ಕಾಗದ ಕೊಡುವ ಮೊದಲೇ. ಹತ್ತು ಗಂಟೆಗೆ ನಂಬರು ಒತ್ತಿ ರಿಂಗಾಗುವ ಮೊದಲೇ ಕಟ್ ಮಾಡಿದೆ. ಹನ್ನೊಂದಕ್ಕೆ ಇನ್ನೊಮ್ಮೆ. ತರಗತಿಯಲ್ಲಿರಬಹುದು, ಊಟಕ್ಕೆ ಹೋಗಿರಬಹುದು ಎಂದು ನನಗೆ ನಾನೇ ನೆಪ ಹೇಳಿಕೊಳ್ಳುತ್ತ ಮೂರು ಗಂಟೆಯಾಯಿತು. ಅತ್ತೆಯವರು ಪಡಸಾಲೆಯಲ್ಲಿ ಕೂತಿದ್ದರು. ನಾನು ಮರೆಗೆ ಹೋಗಲಿಲ್ಲ. ಅವರ ಮುಂದೆಯೇ ನಿಂತು ಜಯಮಾಲಾ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನಾನ್ರಿ, ಎಂಟನೇದಾಗಿನ ಸುಮೇಧಾನ ತಾಯಿ, ವಾಣಿಶ್ರೀ."

ನಾಳೆಯ ಸಭೆ ಹನ್ನೊಂದಕ್ಕೆ, ನಿಮ್ಮವರಿಗೆ ತಿಳಿಸಿದ್ದೇನೆ ಎಂದರು ಅವರು.

"ಸಭಾದ ಮಾತಲ್ರಿ. ಅವತ್ತ ಆಕಿಗೆ ಮುಂಜಾನಿಯಿಂದನ ಜ್ವರ ಇತ್ರಿ. ಗೊತ್ತಿದ್ದೂ ನಾನ ಗುಳಿಗಿ ನುಂಗಿಸಿ ಕಳಿಸೇನಿ. ಕಡ್ಡಿ ಅಡ್ಡ ಇಡಬ್ಯಾಡ ಅಂತ ಬರದ ಕೊಟ್ಟೇನಿ. ಸರ್‌ದು ಏನೂ ತಪ್ಪಿಲ್ರಿ. ಆ ಚೀಟಿ ನನ್ನ ಕೈಯಾಗ ಐತಿ."

ಆ ಕಡೆ ಯಾರೋ ಬಾಗಿಲು ತೆಗೆದ ಸದ್ದು, ಆಮೇಲೆ ಹಾಕಿದ ಸದ್ದು.

"ಎಬಿನೇಜರ್ ಅವರು ಮುಂಜಾನಿ ಬರದು ಕೊಟ್ಟು ಹೋದ್ರಲ್ರಿ," ಎಂದರು ಮೇಡಂ. "ತಪ್ಪು ನಂದು, ಕೆಲಸಾ ಬಿಡತೇನಿ ಅಂತ. ನೀವು ನಿನ್ನೇರ ಹೇಳಬಾರದಿತ್ತೇನು?"

"ಅದನ್ನ ಅವರಿಗೆ ತಿರುಗಿ ಕೊಟ್ಟಬಿಡ್ರಿ ಮೇಡಂ."

"ಕೊಡಾಕ ಬರೂದಿಲ್ಲ. ಇನ್ವರ್ಡ್ ಆಗೇತಿ, ಬಂದ ಕಾಗದದ ಬುಕ್ಕಿನಾಗ ಏರೇತಿ. ನಂಬರ್ ಬಿದ್ದೇತಿ ಅದಕ್ಕ."

ಅತ್ತೆಯವರು ಎದ್ದು ಒಳಗೆ ಹೋದರು. ಹೋಗುವಾಗ ನನ್ನನ್ನು ಮುಟ್ಟದಂತೆ ಗೋಡೆಯ ಕಡೆ ಸರಿದು ಹೋದರು. ಸಂಜೆ ಮಗನ ಮುಖ ಅವರೂ ನೋಡಬೇಕಾಗಿತ್ತು, ನಾನೂ ನೋಡಬೇಕಾಗಿತ್ತು. ಚೀಟಿಯನ್ನು ಬಿಡಿಸಿ ಮೇಜಿನ ಮೇಲೆ ಇಟ್ಟೆ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಹಂಗಾದ್ರ ನಂದೂ ಒಂದು ಇನ್ವರ್ಡ್ ಮಾಡ್ರಿ ಮೇಡಂ," ಎಂದೆ. "ನಾ ಹೇಳತೇನಿ, ನೀವು ಬರಕೋರಿ. ನಾಳಿ ಎಲ್ಲಾರ ಮುಂದ ಬಂದು ಸಹಿ ಮಾಡತೇನಿ."

ಪೆನ್ನಿನ ಟೋಪಿ ತೆಗೆದ ಸಪ್ಪಳ ಕೇಳಿತು. ಜನವರಿ ಹದಿನೆಂಟು, ಶನಿವಾರ, ಎಂದು ಶುರು ಮಾಡಿದೆ.